ಜನರೇಟರಿನ ಕಾರ್ಬುರೇಟರು ಕೆಟ್ಟಾಗ: ಜಕ್ಕಲಿಯಲ್ಲಿ ಮಾಡಿದ ಭಾಷಣ



ಮೆಣಸಿನಕಾಯಿಯ ಸಸಿಮಡಿ ಬಾಡುತ್ತಿರುವ ದಿನ ವಿದ್ಯುತ್ತು ನಿಂತು, ಜನರೇಟರೂ ಹೊರಡದಿದ್ದರೆ ಆಗುವ ಹಾನಿಯನ್ನು ತಮಗೆ ನಾನು ಹೇಳಬೇಕಾದುದಿಲ್ಲ. ಆದರೆ ಯಂತ್ರವನ್ನು ಹೇರಿಕೊಂಡು ಗಜೇಂದ್ರಗಡಕ್ಕೋ ಗದಗಕ್ಕೋ ಒಯ್ಯುವ ಮೊದಲು ಚೋಕನ್ನು ಪರೀಕ್ಷಿಸಿರಿ. ಚೋಕು ಹಾಕಿದಾಗ ಓಡಿ, ತೆಗೆದೊಡನೆ ನಿಲ್ಲುವ ಯಂತ್ರಕ್ಕೆ ಪೆಟ್ರೋಲು ಸಾಲದೆ ಬರುತ್ತಿದೆಯೆಂದು ತಿಳಿಯತಕ್ಕದ್ದು. ಕಾರ್ಬುರೇಟರಿನ ತಳದ ಬಟ್ಟಲಲ್ಲಿ ತಿಂಗಳುಗಟ್ಟಲೆ ನಿಂತ ಪೆಟ್ರೋಲು ಆರಿ ಅಂಟಾಗಿ, ಜೆಟ್ಟೆಂಬ ಸೂಕ್ಷ್ಮ ರಂಧ್ರವನ್ನು ಬಹುಮಟ್ಟಿಗೆ ಮುಚ್ಚಿರುತ್ತದೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೆ ಎಥನಾಲು ಬೆರೆತಿರುವುದರಿಂದ ಅದು ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ.

ಯಂತ್ರ ತಣ್ಣಗಾದ ಮೇಲೆ, ಬೀಡಿ ದೀಪಗಳನ್ನು ದೂರವಿರಿಸಿ, ಪೆಟ್ರೋಲಿನ ನಳವನ್ನು ಬಂದು ಮಾಡಿ ಬಟ್ಟಲನ್ನು ಬಿಚ್ಚಿರಿ. ಜೆಟ್ಟನ್ನು ಕಾರ್ಬುರೇಟರು ತೊಳೆಯುವ ದ್ರವದಿಂದ ತೊಳೆದು, ಕಣ್ಣಿಗೆ ಸಿಡಿಯದಂತೆ ಪಂಪಿನ ಗಾಳಿಯಿಂದ ಊದಿರಿ. ಅದರೊಳಗೆ ದಬ್ಬಣ ತೂರಿಸುವ ಚಟ ನಮ್ಮಲ್ಲಿ ಬಲವಾಗಿದೆ. ಹಿತ್ತಾಳೆಯು ಮೃದುವಾದುದರಿಂದ ರಂಧ್ರ ಹಿಗ್ಗಿ, ಮುಂದೆ ಕರಿಹೊಗೆಯೂ ಪೆಟ್ರೋಲಿನ ಅಪವ್ಯಯವೂ ತಪ್ಪವು. ಬಟ್ಟಲು ತುಂಬಿ ಪೆಟ್ರೋಲು ಹೊರಚೆಲ್ಲುತ್ತಿದ್ದರೆ ದೋಷವು ಜೆಟ್ಟಿನದಲ್ಲ. ತೇಲುಬೆಂಡನ್ನೂ ಅದು ಮೇಲೆತ್ತಿ ಮುಚ್ಚುವ ಸೂಜಿಯನ್ನೂ ನೋಡಬೇಕು. ಸೂಜಿ ಸವೆದಿದ್ದರೆ ಹೊಸದನ್ನೇ ಹಾಕಿರಿ.

ಯಂತ್ರವನ್ನು ಬಯಲಿನಲ್ಲಿಯೇ ನಡೆಸಿರಿ. ಮುಚ್ಚಿದ ಕೋಣೆಯಲ್ಲಿ ಅದರ ಹೊಗೆಯೊಳಗಿನ ವಾಸನೆಯಿಲ್ಲದ ವಿಷವಾಯುವು ಪ್ರಾಣಹಾರಕವು. ಹಂಗಾಮು ಮುಗಿದೊಡನೆ ನಳ ಬಂದು ಮಾಡಿ, ಯಂತ್ರ ತಾನಾಗಿ ನಿಲ್ಲುವವರೆಗೆ ಓಡಿಸಿ, ಬಟ್ಟಲಲ್ಲಿ ಉಳಿದುದನ್ನು ಬಸಿದು ಇಡತಕ್ಕದ್ದು.