ನೆಲ ಊರಿನ ಕೈಯಲ್ಲಿರಲಿ, ಮನೆ ದುಡಿಯುವವರಿಗೆ ಸಿಗಲಿ

(ದಾವಣಗೆರೆಯಲ್ಲಿ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ನಿಮ್ಮ ಮುಂದೆ ಒಂದು ಸಣ್ಣ ಲೆಕ್ಕವನ್ನು ಇಡುತ್ತೇವೆ. ಒಂದು ಸಂಸಾರದಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿದು ತಿಂಗಳಿಗೆ 15,000 ರೂಪಾಯಿ ತರುತ್ತಾರೆಂದು ಇಟ್ಟುಕೊಳ್ಳಿ. ಅದರಲ್ಲಿ 5,000 ರೂಪಾಯಿ ಮನೆ ಬಾಡಿಗೆಗೆ ಹೋದರೆ, ವರ್ಷದ ಹನ್ನೆರಡು ತಿಂಗಳಲ್ಲಿ ನಾಲ್ಕು ತಿಂಗಳು ಆ ಸಂಸಾರ ದುಡಿದದ್ದು ಮನೆಯ ಮಾಲೀಕನಿಗಾಗಿ. ಉಳಿದ ಎಂಟು ತಿಂಗಳ ಗಳಿಕೆಯಲ್ಲಿ ಅಕ್ಕಿ, ಎಣ್ಣೆ, ಬಟ್ಟೆ, ಔಷಧ, ಮಕ್ಕಳ ಶಾಲೆ ಎಲ್ಲವೂ ನಡೆಯಬೇಕು.

ಅಂಗಡಿ ಇಟ್ಟ ಬಂಧುಗಳೇ, ಇದು ನಿಮ್ಮ ಲೆಕ್ಕವೂ ಹೌದು. ಬಾಡಿಗೆಗೆ ಹೋದ ರೂಪಾಯಿ ನಿಮ್ಮ ಗಲ್ಲಾಪೆಟ್ಟಿಗೆಗೆ ಬರುವುದಿಲ್ಲ. ಬಾಡಿಗೆ ಏರಿದ ತಿಂಗಳು ನಿಮ್ಮ ಉದ್ರಿ ಪುಸ್ತಕದಲ್ಲಿ ಬಾಕಿ ಏರುತ್ತದೆ. ಆದುದರಿಂದ ಮನೆಯ ಪ್ರಶ್ನೆ ಬಡವರ ಮೇಲಿನ ಕನಿಕರದ ಪ್ರಶ್ನೆಯಲ್ಲ; ಅದು ಇಡೀ ಊರಿನ ಬದುಕಿನ ಪ್ರಶ್ನೆ.

ನಮ್ಮ ಊರುಗಳ ಕಥೆಯನ್ನು ನೋಡಿ. ಹತ್ತಿ ಗಿರಣಿಗಳು ದಾವಣಗೆರೆಯನ್ನು ಪೇಟೆಯಿಂದ ಪಟ್ಟಣವನ್ನಾಗಿ ಮಾಡಿದವು. ಜನ ಇದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದರು. 1941ರಲ್ಲಿ ಹರಿಹರಕ್ಕೆ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂತು. ಲೇತ್ ಯಂತ್ರಗಳನ್ನು ಮಾಡುವ ಆ ಕಾರ್ಖಾನೆಯಿಂದ ಯಂತ್ರಪುರ ಎಂಬ ಹೆಸರೇ ಹುಟ್ಟಿತು. ಆಮೇಲೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಈ ಶತಮಾನದ ಆರಂಭದಲ್ಲಿ ಹರಿಹರದ ಆ ಕಾರ್ಖಾನೆಯ ಸೈರನ್ನೂ ನಿಂತಿತು. ಗಿರಣಿ ಕಾರ್ಮಿಕರ ಮಕ್ಕಳು ಇಂದು ಮಂಡಕ್ಕಿ ಬಟ್ಟಿಗಳಲ್ಲಿ, ಅಕ್ಕಿ ಗಿರಣಿಗಳಲ್ಲಿ, ಗ್ಯಾರೇಜುಗಳಲ್ಲಿ, ಮಾರುಕಟ್ಟೆಯ ಹಮಾಲಿಯಲ್ಲಿ ದುಡಿಯುತ್ತಿದ್ದಾರೆ. ಇವರಿಗೆ ಮನೆ ಕೊಡುವ ಮಾಲೀಕನಿಲ್ಲ. ಬಹುಮಂದಿಗೆ ಹಾಜರಿ ಪಟ್ಟಿಯೂ ಇಲ್ಲ.

ಇದರಿಂದ ನಾವು ಕಲಿಯಬೇಕಾದ ಪಾಠವೊಂದಿದೆ. ಕಾರ್ಖಾನೆಗೆ ಕಟ್ಟಿಹಾಕಿದ ಮನೆ ಕಾರ್ಖಾನೆಯೊಡನೆಯೇ ಹೋಗುತ್ತದೆ. ಸಂತೆಗೆ ಬಿಟ್ಟ ಮನೆ ಸಂತೆಯ ದರದೊಡನೆ ಏರುತ್ತದೆ. ಊರಿಗೆ, ಅಂದರೆ ನಗರಸಭೆಗೆ ಮತ್ತು ಕಾರ್ಮಿಕರ ಸಹಕಾರ ಸಂಘಕ್ಕೆ ಸೇರಿದ ಮನೆ ಮಾತ್ರ ದುಡಿಯುವವರ ಕೈಯಲ್ಲಿ ನಿಲ್ಲುತ್ತದೆ.

ಕಾಯಿದೆಗಳು ನಮಗೆ ಹೊಸತಲ್ಲ. ಮೈಸೂರು ಸಂಸ್ಥಾನದಲ್ಲಿ 1949ರಲ್ಲೇ ಕಾರ್ಮಿಕರ ವಸತಿಗಾಗಿ ಕಾಯಿದೆಯಾಯಿತು. 1952ರಲ್ಲಿ ಕೇಂದ್ರ ಸರ್ಕಾರ ಕೈಗಾರಿಕಾ ವಸತಿಗೆ ಸಹಾಯಧನ ಮತ್ತು ಸಾಲದ ಯೋಜನೆ ತಂದಿತು. 1962ರ ಕಾಯಿದೆಯ ಮೇಲೆ ಇಂದಿನ ಗೃಹ ಮಂಡಳಿ ನಿಂತಿದೆ. 1973ರಲ್ಲಿ ಕೊಳಚೆ ಪ್ರದೇಶಗಳ ಕಾಯಿದೆ, 1975ರಲ್ಲಿ ಅದರ ಮಂಡಳಿ. ಆಮೇಲೆ ಆಶ್ರಯ ಯೋಜನೆ, 2015ರಲ್ಲಿ ಪ್ರಧಾನ ಮಂತ್ರಿ ಆವಾಸ್ ಯೋಜನೆ. ಕಾಗದಕ್ಕೆ ಬರವಿಲ್ಲ. ಹಾಗಾದರೆ ತೊಡಕು ಎಲ್ಲಿದೆ?

ತೊಡಕು ನೆಲದಲ್ಲಿದೆ. ಆವಾಸ್ ಯೋಜನೆಯಲ್ಲಿ ತಾನೇ ಮನೆ ಕಟ್ಟಿಕೊಳ್ಳುವವನಿಗೆ ಕೇಂದ್ರ 1.5 ಲಕ್ಷ ರೂಪಾಯಿ ಕೊಡುತ್ತದೆ. ಆದರೆ ಅವನ ಹೆಸರಿನಲ್ಲಿ ಮೊದಲು ನಿವೇಶನ ಇರಬೇಕು! ಬಾಡಿಗೆಯ ಒಂದೇ ಕೋಣೆಯಲ್ಲಿ ಐದು ಜನ ಮಲಗುವ ಸಂಸಾರಕ್ಕೆ ನಿವೇಶನ ಎಲ್ಲಿಂದ ಬರಬೇಕು? ನೆಲವಿದ್ದವನಿಗೆ ಹಣ, ನೆಲವಿಲ್ಲದವನಿಗೆ ಅರ್ಜಿ ನಮೂನೆ, ಇದು ನ್ಯಾಯವಲ್ಲ.

ಇದಕ್ಕೆ ಬೇರೆ ದಾರಿ ಉಂಟೇ ಎಂದು ಕೇಳುವವರು ಸೋಲಾಪುರವನ್ನು ನೋಡಲಿ. ಅದೂ ನಮ್ಮಂತೆಯೇ ಗಿರಣಿಗಳ ಊರು, ಕನ್ನಡ ಮಾತನಾಡುವ ಜನರಿರುವ ಗಡಿಯ ಊರು. ಅಲ್ಲಿಯೂ ಗಿರಣಿಗಳು ಮುಚ್ಚಿದವು. ಹೆಂಗಸರು ಬೀಡಿ ಕಟ್ಟಿ ಸಂಸಾರ ನಡೆಸಿದರು. ಆ ಬೀಡಿ ಕಾರ್ಮಿಕರು ನರಸಯ್ಯ ಆಡಮ್ ಅವರ ನಾಯಕತ್ವದಲ್ಲಿ ಸಹಕಾರ ಸಂಘ ಕಟ್ಟಿದರು. ತಮ್ಮ ಪಾಲಿನ ಹಣ ಕೂಡಿಸಿ, ಕೇಂದ್ರ ಮತ್ತು ರಾಜ್ಯದ ಪಾಲನ್ನು ಹೋರಾಡಿ ತಂದರು. 2006ರಲ್ಲಿ ಗೋದಾವರಿ ಪರುಳೇಕರ್ ಅವರ ಹೆಸರಿನ ಬಡಾವಣೆಯಲ್ಲಿ 10,000 ಮನೆಗಳು ಅವರಿಗೆ ಸಿಕ್ಕವು. ಅಷ್ಟಕ್ಕೆ ಸುಮ್ಮನಾಗದೆ ಕುಂಭಾರಿಯ ರೇ ನಗರದಲ್ಲಿ 30,000 ಮನೆಗಳ ಯೋಜನೆ ಹಿಡಿದರು. 2024ರ ಜನವರಿಯಲ್ಲಿ ಅದರಲ್ಲಿ 15,000 ಮನೆಗಳ ಬೀಗದ ಕೈ ಕಾರ್ಮಿಕರ ಕೈಗೆ ಬಂತು. ಊರಿನಿಂದ ದೂರ ಎಂಬ ಕೊರತೆ ಅಲ್ಲಿದೆ; ಆದರೆ ಒಗ್ಗಟ್ಟಿನಿಂದ ಕೇಳಿದರೆ ಮನೆ ಬರುತ್ತದೆ ಎಂಬುದು ರುಜುವಾಗಿದೆ.

ಇನ್ನೂ ಹಿಂದಿನ ನಿದರ್ಶನ ವಿಯೆನ್ನಾ ನಗರದ್ದು. ಅಲ್ಲಿನ ಸಮಾಜವಾದಿ ನಗರಸಭೆ 1923ರಲ್ಲಿ ವಸತಿ ತೆರಿಗೆ ಹಾಕಿತು. ಸಣ್ಣ ಮನೆಗೆ ಅಲ್ಪ, ಬಂಗಲೆಗೆ ಭಾರಿ. ಆ ಹಣದಿಂದ 1934ರೊಳಗೆ 60,000ಕ್ಕೂ ಹೆಚ್ಚು ಮನೆಗಳನ್ನು ಕಟ್ಟಿ ಕಾರ್ಮಿಕರಿಗೆ ಕಡಿಮೆ ಬಾಡಿಗೆಗೆ ಕೊಟ್ಟಿತು. ಊರಿನ ಕೈಯಲ್ಲಿ ಉಳಿದ ಆ ಮನೆಗಳಲ್ಲಿ ನೂರು ವರ್ಷದ ಮೇಲೆಯೂ ದುಡಿಯುವ ಜನ ವಾಸವಾಗಿದ್ದಾರೆ.

ಹಾಗಾದರೆ ನಾವು ಏನನ್ನು ಕೇಳಬೇಕು?

ಮೊದಲನೆಯದು, ನೆಲದ ಪಟ್ಟಿ. ದಾವಣಗೆರೆ ಮಹಾನಗರ ಪಾಲಿಕೆ, ಹರಿಹರ ನಗರಸಭೆ, ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಈ ಮೂರೂ ತಮ್ಮ ಕೈಯಲ್ಲಿರುವ ಮತ್ತು ಸರ್ಕಾರದ ಖಾಲಿ ನೆಲದ ಪಟ್ಟಿಯನ್ನು ಪ್ರಕಟಿಸಲಿ. ಕೆಲಸದ ಜಾಗಕ್ಕೆ ಸಮೀಪದ ನೆಲವನ್ನು ಹರಾಜಿಗೆ ಇಡದೆ, ದುಡಿಯುವವರ ಸಹಕಾರ ಸಂಘಗಳಿಗೆ ದೀರ್ಘಾವಧಿಯ ಗುತ್ತಿಗೆಗೆ ಕೊಡಲಿ. ಮಾರಿದ ನೆಲ ಮತ್ತೆ ಬಾರದು.

ಎರಡನೆಯದು, ಬಾಡಿಗೆ ಮನೆಗಳು. ಎಲ್ಲರಿಗೂ ಸ್ವಂತ ಮನೆ ನಾಳೆಯೇ ಆಗದು. 2024ರಲ್ಲಿ ಬಂದ ಆವಾಸ್ ಯೋಜನೆಯ ಎರಡನೆಯ ಹಂತದಲ್ಲಿ ಬಾಡಿಗೆ ವಸತಿಗೂ ಅವಕಾಶವಿದೆ. ಅದನ್ನು ಬಳಸಿ ಪಾಲಿಕೆಯೇ ಮನೆ ಕಟ್ಟಿ ಕೂಲಿಗೆ ಹೊಂದುವ ಬಾಡಿಗೆಗೆ ಕೊಡಲಿ. ಮೂಲೆ ನಿವೇಶನಗಳ ಹರಾಜಿನಿಂದ ಪ್ರಾಧಿಕಾರಕ್ಕೆ ಬರುವ ಹಣದಲ್ಲಿ ಒಂದು ಪಾಲನ್ನು ಇದಕ್ಕೇ ಮೀಸಲಿಡಲಿ.

ಮೂರನೆಯದು, ಮುಂಗಡ. 2021ರಲ್ಲಿ ಕೇಂದ್ರ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದೆಂದಿದೆ. ಮುಂಗಡ ಹೊಂದಿಸಲು ತಾಳಿ ಅಡವಿಡುವ ತಾಯಂದಿರನ್ನು ನಾವೆಲ್ಲ ಬಲ್ಲೆವು. ಈ ಮಿತಿ ನಮ್ಮ ಓಣಿಗಳಲ್ಲಿ ಜಾರಿಯಾಗಬೇಕು.

ನಾಲ್ಕನೆಯದು, ಹಕ್ಕುಪತ್ರ. ಹತ್ತಾರು ವರ್ಷಗಳಿಂದ ಒಂದೇ ಕಡೆ ನೆಲೆಸಿದವರನ್ನು ಒಕ್ಕಲೆಬ್ಬಿಸದೆ, ಇದ್ದಲ್ಲಿಯೇ ಹಕ್ಕುಪತ್ರ, ನೀರು, ಚರಂಡಿ ಕೊಡಬೇಕು. ಹಕ್ಕುಪತ್ರದಲ್ಲಿ ಹೆಂಗಸಿನ ಹೆಸರಿರಲಿ.

ಐದನೆಯದು, ಎರಡೂ ಊರುಗಳ ಕೂಡು ಯೋಜನೆ. ಹರಿಹರದ ಜನ ಹೊಳೆ ದಾಟಿ ಹಾವೇರಿ ಜಿಲ್ಲೆಯ ಕುಮಾರಪಟ್ಟಣದ ಕಾರ್ಖಾನೆಗೆ ದುಡಿಯಲು ಹೋಗುತ್ತಾರೆ, ದಾವಣಗೆರೆಗೂ ಹೋಗುತ್ತಾರೆ. ಮನೆಯೊಂದು ಕಡೆ, ಕೆಲಸವೊಂದು ಕಡೆಯಾದರೆ ಬಸ್ಸಿನ ದರವೇ ಇನ್ನೊಂದು ಬಾಡಿಗೆಯಾಗುತ್ತದೆ.

ಹಣವಿಲ್ಲ ಎಂಬ ಉತ್ತರ ಬರುತ್ತದೆ. ಸ್ಥಳೀಯ ಸಂಸ್ಥೆಗಳ ಆಯವ್ಯಯದಲ್ಲಿ ಪರಿಶಿಷ್ಟರಿಗೆ ಶೇಕಡಾ 24.10, ಇತರ ಬಡವರಿಗೆ ಶೇಕಡಾ 7.25 ಮೀಸಲಿದೆ. ಅದರಲ್ಲಿ ಮನೆಗಳಿಗೆ ಹೋದದ್ದು ಎಷ್ಟು ಎಂದು ನಿಮ್ಮ ವಾರ್ಡಿನ ಸದಸ್ಯರನ್ನು ಕೇಳಿ. ಬರೆದುಕೊಂಡು ಬನ್ನಿ, ಈ ಪತ್ರಿಕೆ ಪ್ರಕಟಿಸುತ್ತದೆ.

ಸಂಗಾತಿಗಳೇ, 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ನಕ್ಕವರಿದ್ದರು. 1974ರಲ್ಲಿ ಉಳುವವನೇ ಹೊಲದೊಡೆಯ ಎಂಬುದು ಕಾಯಿದೆಯಾಯಿತು. 2017ರಲ್ಲಿ ತಾಂಡಾ, ಹಟ್ಟಿ, ಹಾಡಿಗಳಲ್ಲಿ ವಾಸಿಸುವವರಿಗೆ ತಮ್ಮ ಮನೆಯ ನೆಲದ ಹಕ್ಕು ಬಂತು. ಹಳ್ಳಿಗೆ ಬಂದ ಆ ನ್ಯಾಯ ಪಟ್ಟಣದ ದುಡಿಯುವವರ ಓಣಿಗೂ ಬರಬೇಕು. ತಾನಾಗಿ ಬರುವುದಿಲ್ಲ, ನಾವು ಹೋಗಿ ಕರೆತರಬೇಕು. ಓಣಿಗೊಂದು ಸಮಿತಿ, ಸಮಿತಿಗೊಂದು ಬಾಡಿಗೆದಾರರ ಪಟ್ಟಿ. ಈ ಕೆಲಸ ನಾಳೆಯ ಬೆಳಿಗ್ಗೆಯೇ ಆರಂಭವಾಗಲಿ.