ಅಕ್ಯುಪಂಕ್ಚರ್: ಸೂಜಿಗೆ ಮೈಯೊಡ್ಡುವ ಮುನ್ನ



ಮಂಡಿನೋವು, ಸೊಂಟನೋವುಗಳಿಂದ ಬೇಸತ್ತ ಅನೇಕರು ಅಕ್ಯುಪಂಕ್ಚರ್‌ನತ್ತ ಮುಖ ಮಾಡುತ್ತಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಚಿಕಿತ್ಸೆಯ ಶಕ್ತಿಯನ್ನೂ ಮಿತಿಯನ್ನೂ ಅರಿತು ಹೋಗಬೇಕು.

ಇದು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯ ಚೀನೀ ಪದ್ಧತಿ. 1938ರಲ್ಲಿ ಡಾ. ಕೊಟ್ನಿಸರೊಂದಿಗೆ ಚೀನಾಕ್ಕೆ ತೆರಳಿದ್ದ ಡಾ. ಬಿ.ಕೆ. ಬಸು ಮುಂದೆ ಇದನ್ನು ಕಲಿತು ಭಾರತಕ್ಕೆ ತಂದರು. ದೇಹದ ನಾಳಗಳಲ್ಲಿ ‘ಚಿ’ ಎಂಬ ಜೀವಶಕ್ತಿ ಹರಿಯುತ್ತದೆಂಬುದು ಅದರ ಪ್ರಾಚೀನ ವಿವರಣೆ. ಅಂತಹ ನಾಳಗಳನ್ನು ಆಧುನಿಕ ವಿಜ್ಞಾನ ಕಂಡಿಲ್ಲ. ಸೂಜಿಯು ನರಗಳನ್ನು ಪ್ರಚೋದಿಸಿ, ನೋವು ತಗ್ಗಿಸುವ ಎಂಡಾರ್ಫಿನ್‌ಗಳು ಸ್ರವಿಸುವಂತೆ ಮಾಡುತ್ತದೆ ಎಂಬುದು ಇಂದಿನ ವಿವರಣೆಗಳಲ್ಲೊಂದು.

1971ರಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್‌ರಿಗೆ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ಶಸ್ತ್ರಕ್ರಿಯೆಯಾಯಿತು. ಸೂಜಿಯಿಂದಲೇ ಅರಿವಳಿಕೆ ನೀಡಲಾಯಿತೆಂಬ ಮಾತು ಹಬ್ಬಿತು. ವಾಸ್ತವದಲ್ಲಿ ಅರಿವಳಿಕೆಗೆ ಇಂಜೆಕ್ಷನ್ ಕೊಡಲಾಗಿತ್ತು. ಸೂಜಿ ಬಳಸಿದ್ದು ಆನಂತರದ ಹೊಟ್ಟೆಯ ಉಬ್ಬರಕ್ಕೆ. ಅಕ್ಯುಪಂಕ್ಚರ್‌ನ ನಿಜವಾದ ಸ್ಥಾನವೂ ಇದೇ: ಅದು ಮುಖ್ಯ ಚಿಕಿತ್ಸೆಗೆ ಸಹಾಯಕ, ಬದಲಿಯಲ್ಲ.

ಶಸ್ತ್ರಕ್ರಿಯೆ ಮತ್ತು ಕಿಮೋಥೆರಪಿಯ ನಂತರದ ವಾಂತಿಗೆ ಇದು ಉಪಯುಕ್ತವೆಂದು 1997ರಲ್ಲಿ ಅಮೆರಿಕದ ತಜ್ಞರ ಸಮಿತಿ ಹೇಳಿತು. ದೀರ್ಘಕಾಲದ ಕೆಲವು ನೋವುಗಳಿಗೆ ಇದನ್ನು ಪರಿಗಣಿಸಬಹುದೆಂದು 2021ರಲ್ಲಿ ಬ್ರಿಟನ್ನಿನ ಮಾರ್ಗಸೂಚಿ ಸೂಚಿಸಿತು. ಆದರೆ ನಕಲಿ ಸೂಜಿಯೊಂದಿಗೆ ಹೋಲಿಸಿದಾಗ ವ್ಯತ್ಯಾಸ ಹಲವೆಡೆ ಅಲ್ಪವೇ. ಮಧುಮೇಹ, ಕ್ಯಾನ್ಸರ್, ಹೃದ್ರೋಗಗಳನ್ನು ಇದು ಗುಣಪಡಿಸುತ್ತದೆ ಎನ್ನುವವರನ್ನು ನಂಬಬೇಡಿ. ಅಂತಹವರ ಮಾತು ಕೇಳಿ ಇನ್ಸುಲಿನ್ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.

ಆದುದರಿಂದ ಮೊದಲು ವೈದ್ಯರಿಂದ ರೋಗವನ್ನು ಪತ್ತೆ ಮಾಡಿಸಿಕೊಳ್ಳಿ. ಚಿಕಿತ್ಸಕರು ಎಲ್ಲಿ ತರಬೇತಿ ಪಡೆದಿದ್ದಾರೆ, ಎಷ್ಟು ಬಾರಿ ಬರಬೇಕು, ಒಟ್ಟು ಖರ್ಚೆಷ್ಟು ಎಂದು ಸಂಕೋಚವಿಲ್ಲದೆ ಕೇಳಿ. ಸೂಜಿಯ ಹೊಸ ಪೊಟ್ಟಣವನ್ನು ನಿಮ್ಮೆದುರೇ ಒಡೆಯಬೇಕು. ಒಬ್ಬರಿಗೆ ಬಳಸಿದ ಸೂಜಿಯಿಂದ ಇನ್ನೊಬ್ಬರಿಗೆ ಹೆಪಟೈಟಿಸ್ ಬಿ ತಗಲಬಹುದು. ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಪೇಸ್‌ಮೇಕರ್ ಇರುವವರು ಮೊದಲೇ ತಿಳಿಸಬೇಕು. ಹಸಿದ ಹೊಟ್ಟೆಯಲ್ಲಿ ತಲೆ ಸುತ್ತಬಹುದಾದ್ದರಿಂದ ಉಪವಾಸದ ದಿನಗಳಲ್ಲಿ ಇಫ್ತಾರ್‌ನ ನಂತರದ ಸಮಯ ಕೇಳಿಕೊಳ್ಳಿ. ಚುಚ್ಚಿದಲ್ಲಿ ತುಸು ನೋವು, ಹನಿ ರಕ್ತ ಸಾಮಾನ್ಯ. ಎದೆಭಾಗಕ್ಕೆ ಚುಚ್ಚಿದ ಬಳಿಕ ಉಸಿರಾಟಕ್ಕೆ ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಕೆಲವು ವಾರಗಳಲ್ಲಿ ನೋವು ತಗ್ಗದಿದ್ದರೆ ಚಿಕಿತ್ಸೆಯನ್ನು ನಿಲ್ಲಿಸಿ. ದುಡಿದ ಹಣವನ್ನೂ ಆರೋಗ್ಯವನ್ನೂ ಭರವಸೆಯ ಮಾತುಗಳಿಗೆ ಒಪ್ಪಿಸಬೇಡಿ.