ದುಡ್ಡಿನ ಲೆಕ್ಕ ಎಲ್ಲರ ಮುಂದೆ

ನಾನು ಎಚ್.ಡಿ. ಕೋಟೆ ತಾಲ್ಲೂಕಿನವನು, ಕಾಕನಕೋಟೆ ಕಾಡಿನಂಚಿನ ಊರು ನಮ್ಮದು. ಆರು ಜನ ಗೆಳೆಯರು ಸೇರಿ ಬಿಡುವಿನಲ್ಲಿ ಒಂದು ಮುಕ್ತ ತಂತ್ರಾಂಶ ಮಾಡ್ತಿದ್ದೇವೆ. ಕನ್ನಡ ಬರಹದ ಕಾಗುಣಿತ ತಪ್ಪು ಹುಡುಕುವ ಕೆಲಸ ಅದರದ್ದು. ಯಾರಿಗೂ ಸಂಬಳ ಇಲ್ಲ. ಹಾಗಾಗಿ ದುಡ್ಡಿನ ಮಾತೇ ಬರಲ್ಲ ಅಂದುಕೊಂಡಿದ್ದೆವು.

ಬಂತು. ಸರ್ವರ್ ಬಾಡಿಗೆ ಕಟ್ಟಬೇಕಾಯಿತು. ಮೆಚ್ಚಿದವರು ಯುಪಿಐನಲ್ಲಿ ಐನೂರು, ಸಾವಿರ ಹಾಕಿದರು. ಎಲ್ಲವೂ ನನ್ನ ಸ್ವಂತ ಖಾತೆಗೆ. ಒಂದು ದಿನ ಗೆಳೆಯ ಸುಮ್ಮನೆ ಕೇಳಿದ, "ಒಟ್ಟು ಎಷ್ಟು ಉಳಿದಿದ್ಯೋ?" ನನಗೆ ಗೊತ್ತಿರಲಿಲ್ಲ. ನಾನು ಕದ್ದಿರಲಿಲ್ಲ. ಆದರೆ ಕದ್ದಿಲ್ಲ ಅಂತ ತೋರಿಸೋಕೂ ನನ್ನ ಹತ್ತಿರ ಏನೂ ಇರಲಿಲ್ಲ. ಆಮೇಲೆ ಎರಡು ತಿಂಗಳು ಅವನು ಸರಿಯಾಗಿ ಮಾತಾಡಲಿಲ್ಲ.

ನಮ್ಮಮ್ಮ ಸ್ತ್ರೀಶಕ್ತಿ ಸಂಘದಲ್ಲಿದ್ದಾರೆ. ಉಳಿತಾಯದ ಹಣವನ್ನು ಸಭೆಯಲ್ಲೇ ಎಣಿಸ್ತಾರೆ, ನಡಾವಳಿ ಪುಸ್ತಕದಲ್ಲಿ ಬರೀತಾರೆ, ಎಲ್ಲರೂ ಸಹಿ ಹಾಕ್ತಾರೆ. ವಿಷಯ ಹೇಳಿದಾಗ ಅಮ್ಮ ಅಂದರು, "ನಂಬಿಕೆ ಇಲ್ಲ ಅಂತ ಎಣಿಸೋದಲ್ಲ ಕಣೋ. ಇರೋ ನಂಬಿಕೆ ಕೆಡಬಾರದು ಅಂತ."

ಇದು ನಮ್ಮಂಥ ಸಣ್ಣವರ ಸಮಸ್ಯೆ ಮಾತ್ರ ಅಲ್ಲ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ ಸಿಕ್ಕಾಗ, ಜಗತ್ತಿನ ಎಷ್ಟೋ ಜಾಲತಾಣಗಳು ನಂಬಿದ್ದ ಆ ತಂತ್ರಾಂಶಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಅಂತ ಬಯಲಾಯಿತು. ಆಮೇಲೆ ದೊಡ್ಡ ಕಂಪನಿಗಳು ಹಣ ಕೊಡಲು ಮುಂದೆ ಬಂದವು. ಆದರೆ ಕೊಡುವವರು ಮೊದಲು ಕೇಳೋದು, ಯಾರ ಖಾತೆಗೆ ಹಾಕೋಣ ಅಂತ.

ಸ್ವಂತ ಖಾತೆಯಲ್ಲಿ ಎರಡು ಅಪಾಯ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ಮೀರಿ ಬಂದ ಉಡುಗೊರೆ ಹಣಕ್ಕೆ ನಾವೇ ಆದಾಯ ತೆರಿಗೆ ಕಟ್ಟಬೇಕು. ಇನ್ನೊಂದು, ನಾಳೆ ನನಗೇನಾದರೂ ಆದರೆ ಆ ಹಣ ನನ್ನ ವಾರಸುದಾರರ ಪಾಲು, ಯೋಜನೆಯದ್ದಲ್ಲ.

ನಮಗೆ ಸಿಕ್ಕ ದಾರಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಕನಿಷ್ಠ ಏಳು ಸದಸ್ಯರು ಬೇಕು. ನಾವು ಆರು ಜನ. ಏಳನೆಯವರಾಗಿ ಒಬ್ಬ ಕನ್ನಡ ಮೇಷ್ಟ್ರು ಬಂದರು. ಈಗ ಸಂಘದ ಹೆಸರಲ್ಲೇ ಖಾತೆ, ಚೆಕ್ಕಿಗೆ ಇಬ್ಬರ ಸಹಿ. ಖರ್ಚು ಮಾಡಿದವನು ತನ್ನ ಬಿಲ್ಲಿಗೆ ತಾನೇ ಒಪ್ಪಿಗೆ ಕೊಡುವಂತಿಲ್ಲ. ಪ್ರತಿ ತಿಂಗಳ ಜಮಾ–ಖರ್ಚನ್ನು ಕೋಡ್ ಇಟ್ಟಲ್ಲೇ ಇಡುತ್ತೇವೆ, ಯಾರು ಬೇಕಾದರೂ ನೋಡಬಹುದು. ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ ಮಾಡಿಸಿ ನೋಂದಣಾಧಿಕಾರಿಗೆ ಸಲ್ಲಿಸಬೇಕು.

ಒಂದು ಎಚ್ಚರಿಕೆ. ಸಂಘ ಆಯ್ತು ಅಂತ ವಿದೇಶಿ ದೇಣಿಗೆ ತಗೊಳ್ಳೋಕಾಗಲ್ಲ. ಅದಕ್ಕೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಅನುಮತಿ ಬೇರೆ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು.

ದೇಶದೊಳಗೂ ದಾರಿಗಳಿವೆ. ಬೆಂಗಳೂರಿನ ಜೆರೋಧಾ 2024ರಲ್ಲಿ ಮುಕ್ತ ತಂತ್ರಾಂಶಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್‌ಗಳ ಫ್ಲಾಸ್ ಫಂಡ್ ಶುರು ಮಾಡಿತು. ಅರ್ಜಿಗೆ ಒಂದು ಕಡತ ಇಡಬೇಕು. ಹಿಂದಿನ ವರ್ಷಗಳ ಆದಾಯ, ಖರ್ಚು ತೋರಿಸಲು ಅದರಲ್ಲಿ ಜಾಗ ಇದೆ. ಲೆಕ್ಕ ಇಟ್ಟವರಿಗೆ ಅದು ಹತ್ತು ನಿಮಿಷದ ಕೆಲಸ.

ಅಂದು ಪ್ರಶ್ನೆ ಕೇಳಿದ ಗೆಳೆಯನೇ ಈಗ ನಮ್ಮ ಖಜಾಂಚಿ. ನಿಮ್ಮ ಯೋಜನೆಯ ಹಣ ಯಾರ ಖಾತೆಯಲ್ಲಿದೆ ಅಂತ ಇವತ್ತೇ ನೋಡಿಕೊಳ್ಳಿ.